ಹೊಸ್ತಿಲ ಮೇಲೆ ಕೂತವನು

ಸೇಂಟ್ ಡೇ ಊರಿನ ಲವ್‌ಡೇ ಪೆಂಗೆಲ್ಲಿಯ ಬಾವಿನೀರು
ಮಂಗಳವಾರ ಬಂತು, ಉಪ್ಪಿನಕಾಯಿ ಜಾಡಿಯಲ್ಲಿ.
ಮುಚ್ಚಳಕ್ಕೆ ಇನ್ನೂ ವಿನಿಗರ್ ವಾಸನೆ.
ಇದು ಆಗದು, ನಮ್ಮದೇ ಸೀಸೆ ಬೇಕು ಅಂತ
ನಾನೇ ಹೋದೆ, ಎರಡು ಬಸ್ಸು ಬದಲಿಸಿ.

ಹಿತ್ತಲಾಚೆ ತವರದ ಗಣಿಯ ಹೊಗೆಗೂಡು,
ತಲೆಗೆ ಐವಿ ಬಳ್ಳಿಯ ಮುಂಡಾಸು.
ಹೊಗೆ ನಿಂತು ಯಾವ ಕಾಲವಾಯಿತೋ,
ಮಣ್ಣು ಮಾತ್ರ ಮರೆತಿಲ್ಲ,
ಅಲ್ಲಿ ಹುಲ್ಲೂ ಯೋಚಿಸಿ ಬೆಳೆಯುತ್ತದೆ.
ಅಡುಗೆಮನೆಯ ಕಿಟಕಿಯಲ್ಲಿ ಹಿತ್ತಾಳೆ ಪಾತ್ರೆ,
ಕೋಲಾರದ ಗಣಿಗೆ ಹೋಗಿದ್ದ ಮುತ್ತಾತ ತಂದದ್ದಂತೆ,
ಒಳಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು.
"ಚೊಂಬು" ಅಂದೆ. "ಚಂಬೂ" ಅಂದಳು.
ಅಷ್ಟೇ. ನಲ್ಲಿ ಬಿಟ್ಟಳು, ಸೀಸೆ ಹಿಡಿದೆ.
ಚಹಾ ಕೊಟ್ಟಳು. ಅದೇ ನೀರಿನದು.
ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ
ಕೂತಿದ್ದೆ. ಕೊನೆಗೆ ಕುಡಿದೆ.

ಪಾಷಾಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ.
ನಮ್ಮ ನಾಲಿಗೆ ದೊಡ್ಡದು, ದಡ್ಡ.
ಹಾಗಾಗಿ ಸಣ್ಣದೊಂದನ್ನು ಸಾಕಿದ್ದೇವೆ ಪೆನ್ರಿನ್‌ನಲ್ಲಿ,
ಕರುಳಿನ ವಂಶದ್ದು, ಬೆಚ್ಚಗಿಟ್ಟರೆ
ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ.
ಅದರೊಳಗೊಂದು ಬಾಗಿಲು,
ಹೊಸ್ತಿಲ ಮೇಲೆ ಒಬ್ಬ ಕೂತಿದ್ದಾನೆ.
ಹಾಗೆ ಕೂತರೆ ನಮ್ಮಜ್ಜಿ ಸೆರಗಿನ ತುದಿಯಲ್ಲಿ ಬಾರಿಸುತ್ತಿದ್ದಳು;
ಇವನ ಕೆಲಸವೇ ಕೂರುವುದು.
ಪಾಷಾಣ ಬಂದು ಮೂರು ಬೆರಳು ಹಿಡಿದೆಳೆದರೆ ಮಾತ್ರ
ಏಳುತ್ತಾನೆ, ಹೋಗುತ್ತಾನೆ,
ಬಾಗಿಲು ತೆರೆಯುತ್ತದೆ.

ಮೊದಲು ಅಲ್ಲಿಂದ ಹೊರಬರುತ್ತಿದ್ದದ್ದು ಒಂದು ಪಂಪು.
ಹೊಕ್ಕ ವಿಷವನ್ನು ಮೊಗೆಮೊಗೆದು ಆಚೆ ಚೆಲ್ಲುವಂಥದು,
ಬದುಕಬೇಕಲ್ಲ ಅದೂ.
ನಾವು ಪಂಪು ಕಿತ್ತೆವು.
ಕಡಲ ಜೀವಿಯೊಂದರಿಂದ ಕಡ ತಂದ ದೀಪವನ್ನು
ಆ ಜಾಗದಲ್ಲಿ ಇಟ್ಟೆವು.
ಈಗ ಅದು ಹೇಳಬಲ್ಲದು, ಉಗುಳಲಾರದು.
ವರದಿಯಲ್ಲಿ ಇದನ್ನು
"ಸಂವೇದನೆ ಹೆಚ್ಚಿದೆ" ಎಂದು ಬರೆಯುತ್ತೇವೆ.

ಗಾಜಿನ ಬಾಗಿಲಾಚೆ ಒಯ್ಯುವ ಹಾಗಿಲ್ಲ ಅದನ್ನು, ಕಾನೂನು.
ನೋಡಲೇಬೇಕೆಂದು ಅವಳೇ ಬಂದಳು,
ಎಂಬತ್ತಮೂರು ವರ್ಷ, ಚರ್ಚಿಗೆ ಹಾಕುವ ಕೋಟು,
ಮೇಲೆ ನಮ್ಮ ಬಿಳಿಯಂಗಿ, ತೋಳು ಎರಡು ಮಡಿಕೆ.
ದೀಪ ಆರಿಸಿದೆ.
ಕತ್ತಲಿಗೆ ಕಣ್ಣು ಒಗ್ಗಲು ಹೊತ್ತು ಬೇಕು ಎಂದೆ.
"ಹೊತ್ತು ಇದೆ" ಎಂದಳು.
ಮೊದಲ ನಳಿಗೆ ಶುದ್ಧ ನೀರು. ಕಪ್ಪು.
ಎರಡನೆಯದು ಪೆನ್ರಿನ್ ಊರ ನಲ್ಲಿ. ಕಪ್ಪು.
ಮೂರನೆಯದು ನನ್ನದು, ನಾನು ಹೇಳುವ ಮೊದಲೇ ಅಂದಳು.
ಬಿಳಿಬಟ್ಟೆಗೆ ಕೊನೆಯ ನೀರಿನಲ್ಲಿ ಹಾಕುವ ನೀಲಿಯಷ್ಟು,
ಅಷ್ಟೇ ಬೆಳಕು.
ಹತ್ತು ದಾಟಬಾರದ ಕಡೆ ನೂರ ನಲವತ್ತು.

"ಡೆನ್ಜಿಲ್ ಅಂಗೈ ಒರಟು," ಅಂದಳು ಕತ್ತಲಲ್ಲಿ,
"ಜವೆಗೋಧಿ ಅಂಟಿಸಿದ ಹಾಗೆ ಗಂಟುಗಂಟು.
ಗುದ್ದಲಿ ಹಿಡಿದು ಹಿಡಿದು ಅಂದುಕೊಂಡಿದ್ದೆವು.
ಪಾದದಲ್ಲೂ ಇದ್ದವು.
ಪಾದದಲ್ಲಿ ಯಾರೂ ಗುದ್ದಲಿ ಹಿಡಿಯುವುದಿಲ್ಲ, ಅಲ್ಲವೇ?"

ನಾನು ಏನೂ ಅನ್ನಲಿಲ್ಲ.
ನನಗೆ ಸಂಬಳ ಅಳೆಯುವುದಕ್ಕೆ.

ಆಮೇಲೆ ಕೇಳಿದಳು, ಇವುಗಳನ್ನು ಏನು ಮಾಡುತ್ತೀರಿ.
ಕುಕ್ಕರಿನಂಥದೊಂದು ಇದೆ, ಎಂದೆ.
ಆವಿ, ಒತ್ತಡ, ಹದಿನೈದು ನಿಮಿಷ.
"ಹೇಳಿದ್ದಕ್ಕೋ?"

ಸ್ವಿಚ್ಚಿನ ಮೇಲೆ ಕೈಯಿಟ್ಟೆ.
ಇರಲಿ, ಅಂದಳು, ಇನ್ನೂ ಬೆಳಗುತ್ತಿದೆಯಲ್ಲ.
ನಿಂತೆವು.
ಹೊರಗೆ ಕಾರಿಡಾರಿನಲ್ಲಿ ಯಾರೋ
ಚಹಾಕ್ಕೆ ನೀರು ಹಿಡಿಯುತ್ತಿದ್ದರು.